ಮಧುಗಿರಿ ಸೀಮೆಯ ವೀರಗಲ್ಲುಗಳು ಹೇಳುವ ಕಾಳಗದ ಕಥೆ

ಮಧುಗಿರಿ: ಕೆರೆ ಏರಿಯ ಮಗ್ಗುಲಲ್ಲಿ, ಊರಬಾಗಿಲಿನ ಬೇವಿನ ಮರದ ಬುಡದಲ್ಲಿ, ಆಂಜನೇಯನ ಗುಡಿಯ ಹಿಂಬದಿಯಲ್ಲಿ ಅರ್ಧ ಮಣ್ಣಿನೊಳಗೆ ಹೂತು ನಿಂತ ಚಪ್ಪಡಿ ಕಲ್ಲುಗಳನ್ನು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಓಡಾಡುವವರೆಲ್ಲರೂ ಕಂಡಿರುತ್ತಾರೆ. ಕಲ್ಲಿನ ಕೆಳಭಾಗದಲ್ಲಿ ಬಿಲ್ಲು ಹಿಡಿದೋ ಕತ್ತಿ ಎತ್ತಿಯೋ ನಿಂತ ಒಬ್ಬ ಮನುಷ್ಯ, ಅವನ ಎದುರು ಶತ್ರುಗಳು, ಕೆಲವೊಮ್ಮೆ ಬದಿಯಲ್ಲಿ ಸಾಲಾಗಿ ನಿಂತ ಹಸುಗಳು. ಮಧ್ಯದಲ್ಲಿ ಅದೇ ಮನುಷ್ಯನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ತುದಿಯಲ್ಲಿ ಆತ ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಅದರ ಮೇಲೆ ಸೂರ್ಯ ಮತ್ತು ಚಂದ್ರ.

ಇವು ವೀರಗಲ್ಲುಗಳು. ಸತ್ತವನು ಅರಸನಲ್ಲ, ದಂಡನಾಯಕನೂ ಅಲ್ಲ. ಬಹುಪಾಲು ಸಂದರ್ಭಗಳಲ್ಲಿ ಅವನು ಊರಿನ ಒಬ್ಬ ಒಕ್ಕಲಿಗ, ದನಗಾಹಿ, ತಳವಾರ ಅಥವಾ ಬೇಡರ ಯುವಕ. ಕೋಟೆಗಳ ಇತಿಹಾಸವನ್ನು ಗೆದ್ದ ಅರಸರ ಹೆಸರಿನಲ್ಲಿ ಬರೆಯಲಾಗಿದೆ. ಆದರೆ ಈ ಸೀಮೆಯಲ್ಲಿ ಯುದ್ಧವೆಂದರೆ ಏನಾಗಿತ್ತು, ಜನ ಯಾವುದಕ್ಕಾಗಿ ಪ್ರಾಣ ಕೊಡುತ್ತಿದ್ದರು ಎಂಬುದನ್ನು ತಿಳಿಯಬೇಕಾದರೆ ಕೋಟೆಯ ಬುರುಜಿಗಿಂತ ಮೊದಲು ಈ ಕಲ್ಲುಗಳ ಬಳಿಗೆ ಹೋಗಬೇಕಾಗುತ್ತದೆ.

ತುರುಗೋಳಿನ ನಾಡು

ಬೆಟ್ಟಗುಡ್ಡ, ಕುರುಚಲು ಕಾಡು, ಕಡಿಮೆ ಮಳೆಯ ಈ ಪ್ರದೇಶದಲ್ಲಿ ನೆಲಕ್ಕಿಂತ ದನವೇ ಹೆಚ್ಚು ಬೆಲೆಯ ಆಸ್ತಿಯಾಗಿತ್ತು. ನೆಲವನ್ನು ಹೊತ್ತೊಯ್ಯಲು ಆಗುವುದಿಲ್ಲ, ಬೆಳೆದ ರಾಗಿಯನ್ನು ಹಗೇವಿನಲ್ಲಿ ಬಚ್ಚಿಡಬಹುದು. ಹಸುಗಳನ್ನು ಮಾತ್ರ ಒಂದೇ ರಾತ್ರಿಯಲ್ಲಿ ಅಟ್ಟಿಕೊಂಡು ಹೋಗಬಹುದು. ಹೀಗೆ ಪರರ ದನಗಳನ್ನು ಹಿಡಿದು ಅಟ್ಟುವುದಕ್ಕೆ ಶಾಸನಗಳಲ್ಲಿ ತುರುಗೋಳ್ ಎಂದು ಹೆಸರು. ತುರು ಎಂದರೆ ಹಸು. ಅದನ್ನು ಬಿಡಿಸಿಕೊಳ್ಳಲು ಬೆನ್ನಟ್ಟಿ ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳೇ ಕರ್ನಾಟಕದ ವೀರಗಲ್ಲುಗಳಲ್ಲಿ ಬಹು ದೊಡ್ಡ ಗುಂಪು. ಊರನ್ನು ಸುಲಿಯಲು ಬಂದವರನ್ನು ತಡೆದವರು, ಹೆಣ್ಣಿನ ಮಾನ ಕಾಯಲು ಹೋರಾಡಿದವರು, ಗಡಿಯ ಜಗಳದಲ್ಲಿ ಮಡಿದವರು, ಹುಲಿ ಅಥವಾ ಹಂದಿಯ ಬೇಟೆಯಲ್ಲಿ ಸತ್ತವರು, ಇವರೆಲ್ಲರಿಗೂ ಕಲ್ಲುಗಳಿವೆ. ಆದರೆ ದನದ ಕಾಳಗದ ಕಲ್ಲುಗಳ ಮುಂದೆ ಅವುಗಳ ಸಂಖ್ಯೆ ಕಡಿಮೆಯೇ.

ದನ ಹಿಡಿಯುವುದು ಬರೀ ಕಳ್ಳತನವಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನೆರೆಯ ನಾಯಕನನ್ನು ಯುದ್ಧಕ್ಕೆ ಕರೆಯುವ ಒಪ್ಪಿತ ವಿಧಾನವೂ ಅದೇ ಆಗಿತ್ತು. ಮಹಾಭಾರತದ ವಿರಾಟಪರ್ವದಲ್ಲಿ ಕೌರವರು ಮಾಡಿದ್ದೂ ಗೋಗ್ರಹಣವನ್ನೇ. ಯುರೋಪಿನ ಪಶ್ಚಿಮ ಅಂಚಿನಲ್ಲಿ, ಇಂದಿನ ಫ್ರಾನ್ಸ್, ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನೆಲೆಸಿದ್ದ ಪ್ರಾಚೀನ ಕೆಲ್ಟ್ ಜನರಲ್ಲಿಯೂ ಇದೇ ರೂಢಿಯಿತ್ತು. ಐರ್ಲೆಂಡಿನ ಅತ್ಯಂತ ಪ್ರಸಿದ್ಧ ವೀರಗಾಥೆಯಾದ 'ಟಾಯ್ನ್ ಬೋ ಕೂಲ್ನ್ಯ'ದ ಕಥಾವಸ್ತು ಒಂದು ಹೋರಿಗಾಗಿ ನಡೆದ ದಂಡಯಾತ್ರೆ. ಕೆಲ್ಟರಿಗೂ ಕನ್ನಡ ನಾಡಿಗೂ ನೇರ ಸಂಬಂಧವಿತ್ತೆಂದು ಯಾರೂ ಹೇಳುವುದಿಲ್ಲ. ದನವೇ ಧನವಾಗಿದ್ದ ಕಡೆಗಳಲ್ಲಿ ವೀರತನದ ಅಳತೆಗೋಲು ಒಂದೇ ಬಗೆಯದಾಗುತ್ತದೆ ಎಂಬುದಷ್ಟೇ ಇದರಿಂದ ತಿಳಿಯುವ ಸಂಗತಿ.

ಈ ಸ್ಮೃತಿ ನಮ್ಮ ಸೀಮೆಯಲ್ಲಿ ಕಲ್ಲಿನಲ್ಲಿ ಮಾತ್ರ ಉಳಿದಿಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ನಡೆದುಕೊಳ್ಳುವ ಕಾಡುಗೊಲ್ಲರು ಗಣೆ ಎಂಬ ಉದ್ದನೆಯ ಕೊಳಲನ್ನು ಊದುತ್ತ ಹಾಡುವ ಜುಂಜಪ್ಪನ ಕಾವ್ಯದ ನಾಯಕ ಒಬ್ಬ ದನಗಾಹಿ. ಆತನ ಶೌರ್ಯದ ಕಥೆ ಹಸು, ಹುಲ್ಲುಗಾವಲು ಮತ್ತು ನೀರಿನ ಸುತ್ತಲೇ ಬೆಳೆಯುತ್ತದೆ. ಅರಸೊತ್ತಿಗೆಯ ಸುದ್ದಿ ಅಲ್ಲಿ ದೂರದ್ದು.

ಅನ್ನದ ಋಣ, ತಲೆಯ ಹರಕೆ

ದನಕ್ಕಾಗಿ ಸಾಯುವುದು ಒಂದು ಬಗೆಯಾದರೆ ಒಡೆಯನಿಗಾಗಿ ಸಾಯುವುದು ಇನ್ನೊಂದು ಬಗೆ. ಹಳಗನ್ನಡ ಕಾವ್ಯ ಮತ್ತು ಶಾಸನಗಳಲ್ಲಿ ಇದಕ್ಕೆ ಎರಡು ಪದಗಳು ಸಿಗುತ್ತವೆ. ಒಂದು ಜೋಳವಾಳಿ, ಇನ್ನೊಂದು ವೇಳೆವಾಳಿ. ಒಡೆಯನು ಹಾಕಿದ ಜೋಳವನ್ನು ಉಂಡದ್ದಕ್ಕೆ ಪ್ರತಿಯಾಗಿ ಯುದ್ಧದಲ್ಲಿ ಅವನ ಪರವಾಗಿ ಹೋರಾಡುವ ಕರ್ತವ್ಯವೇ ಜೋಳವಾಳಿ. ಇಂದಿಗೂ ಹಳ್ಳಿಗಳಲ್ಲಿ 'ಉಪ್ಪಿನ ಋಣ', 'ಅನ್ನದ ಋಣ' ಎನ್ನುವ ಮಾತಿನ ಹಿಂದೆ ಇರುವುದು ಇದೇ ಭಾವನೆ. ವೇಳೆವಾಳಿ ಅದಕ್ಕಿಂತ ಕಠಿಣವಾದುದು. ಒಡೆಯನು ಸತ್ತ ಮೇಲೆ ತಾನು ಬದುಕಿರುವುದಿಲ್ಲವೆಂದು ಮೊದಲೇ ಮಾಡಿಕೊಂಡ ಪ್ರತಿಜ್ಞೆ ಅದು. ಹೀಗೆ ಪ್ರತಿಜ್ಞೆ ಮಾಡಿದವರನ್ನು ಲೆಂಕರು, ಗರುಡರು ಎಂದು ಕರೆಯಲಾಗುತ್ತಿತ್ತು. ಈ ಪದ್ಧತಿಗಳನ್ನು ಶಾಸನಗಳ ಆಧಾರದಿಂದ ಕನ್ನಡ ಓದುಗರಿಗೆ ವಿವರವಾಗಿ ತಿಳಿಸಿದವರಲ್ಲಿ ವಿದ್ವಾಂಸ ಎಂ. ಚಿದಾನಂದಮೂರ್ತಿ ಪ್ರಮುಖರು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಕಂಬವೊಂದು ಇದಕ್ಕೆ ಬಹು ದೊಡ್ಡ ಸಾಕ್ಷಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ತನ್ನ ಪತ್ನಿ ಸುಗ್ಗಲದೇವಿ ಹಾಗೂ ಸಾವಿರ ಮಂದಿ ಯೋಧರೊಡನೆ ಪ್ರಾಣ ಬಿಟ್ಟನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಕಂಬದ ಮೇಲೆ ಕತ್ತಿಯಿಂದ ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಯೋಧರ ಚಿತ್ರಗಳಿವೆ. ಸಾವಿರ ಎಂಬ ಸಂಖ್ಯೆಯಲ್ಲಿ ಕವಿಯ ಕೈವಾಡ ಎಷ್ಟಿದೆ ಎಂಬ ಸಂಶಯ ಸಹಜವೇ ಆದರೂ ಪದ್ಧತಿ ಇದ್ದುದು ನಿಜ. ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯ ಗರುಡ ಕಂಬಗಳೂ ಇದನ್ನೇ ಹೇಳುತ್ತವೆ. ಬಾಗಿಸಿದ ಬಿದಿರ ಗಳುವಿಗೆ ಜುಟ್ಟನ್ನು ಕಟ್ಟಿ, ತಲೆ ಕಡಿದಾಗ ಅದು ಮೇಲಕ್ಕೆ ಚಿಮ್ಮುವಂತೆ ಮಾಡುವ ಸಿಡಿತಲೆ ಎಂಬ ಭೀಕರ ಹರಕೆಯೂ ಮಧ್ಯಕಾಲದಲ್ಲಿ ರೂಢಿಯಲ್ಲಿತ್ತು.

ರೋಮನ್ ದಂಡನಾಯಕ ಜೂಲಿಯಸ್ ಸೀಸರ್ ಗಾಲ್ ದೇಶದ ಯುದ್ಧಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥದೇ ಒಂದು ಪಡೆಯ ಪ್ರಸ್ತಾಪವಿದೆ. ಇಂದಿನ ಫ್ರಾನ್ಸಿನ ನೈರುತ್ಯ ಭಾಗದ ನಾಯಕನೊಬ್ಬನ ಬಳಿ 600 ಮಂದಿ ಪ್ರತಿಜ್ಞಾಬದ್ಧ ಯೋಧರಿದ್ದರು. ಒಡೆಯನ ಸುಖದಲ್ಲಿ ಅವರಿಗೆ ಪಾಲಿತ್ತು. ಅವನು ಹಿಂಸಾತ್ಮಕವಾಗಿ ಸತ್ತರೆ ಅವರೂ ಸಾಯಬೇಕಿತ್ತು. ಹಾಗೆ ಸಾಯಲು ನಿರಾಕರಿಸಿದವರು ಒಬ್ಬರೂ ಇಲ್ಲವೆಂದು ಸೀಸರ್ ಬೆರಗಿನಿಂದ ಬರೆದಿದ್ದಾನೆ. ಆದರೆ ಸೀಸರ್ ಹೇಳದ ಒಂದು ಅಂಶವನ್ನು ಕನ್ನಡದ ಶಾಸನಗಳು ಹೇಳುತ್ತವೆ. ಸತ್ತವನ ಮನೆಯವರಿಗೆ ಏನು ಸಿಗುತ್ತಿತ್ತು ಎಂಬುದೇ ಆ ಅಂಶ.

ಗಂಗರ ಕಾಲದ ಶಾಸನಗಳಲ್ಲಿ ಕಲ್ನಾಡು, ಬಾಳ್ಗಳ್ಚು ಎಂಬ ದತ್ತಿಗಳ ಹೆಸರು ಬರುತ್ತದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ರಕ್ತ ಅಂಟಿದ ಕತ್ತಿಯನ್ನು ತೊಳೆದು ಕೊಡುವ ಭೂಮಿ ಅದು. ಮುಂದಿನ ಕಾಲದಲ್ಲಿ ಇದಕ್ಕೇ ನೆತ್ತರುಕೊಡಗೆ ಎಂಬ ಹೆಸರು ಬಂದಿತು. ಸತ್ತ ವೀರನ ಮಕ್ಕಳು ಆ ಹೊಲವನ್ನು ಉಳುತ್ತಿದ್ದರು. ಸ್ವರ್ಗದ ಆಸೆ ಮಾತ್ರವೇ ಜನರನ್ನು ಕಾಳಗಕ್ಕೆ ಕಳುಹಿಸುತ್ತಿರಲಿಲ್ಲ. ತಾನು ಸತ್ತರೂ ಮನೆ ಉಳಿಯುತ್ತದೆ ಎಂಬ ಭರವಸೆಯೂ ಅದರ ಹಿಂದಿತ್ತು. ಆದರೆ ಬಳೆ ತೊಟ್ಟ ತೋಳೊಂದು ಕಂಬದಿಂದ ಹೊರಚಾಚಿದಂತೆ ಕೆತ್ತಿದ ಮಾಸ್ತಿಗಲ್ಲುಗಳು ವೀರಗಲ್ಲುಗಳ ಪಕ್ಕದಲ್ಲಿಯೇ ಇವೆ ಎಂಬುದನ್ನೂ ಮರೆಯುವಂತಿಲ್ಲ. ಗಂಡನ ಚಿತೆ ಏರಿದ ಹೆಂಗಸರ ಕಲ್ಲುಗಳು ಅವು. ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಎಂಬ ಊರಿನ ಹೆಸರೇ ಸಹಗಮನ ಮಾಡಿದ ಹೆಣ್ಣೊಬ್ಬಳಿಂದ ಬಂದಿತೆಂಬ ಐತಿಹ್ಯವಿದೆ. ವೀರನ ಸಾವಿನ ಬೆಲೆಯನ್ನು ಅವನೊಬ್ಬನೇ ತೆರುತ್ತಿರಲಿಲ್ಲ.

ನೊಳಂಬರ ನೆರಳು

ಪಾವಗಡ ಮತ್ತು ಶಿರಾ ತಾಲ್ಲೂಕುಗಳ ಗಡಿಯಾಚೆ, ಇಂದಿನ ಆಂಧ್ರಪ್ರದೇಶದ ಮಡಕಶಿರಾ ಭಾಗದಲ್ಲಿರುವ ಹೇಮಾವತಿ ಗ್ರಾಮ ಒಂದು ಕಾಲದಲ್ಲಿ ಹೆಂಜೇರು ಎಂಬ ಹೆಸರಿನ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ನೊಳಂಬ ಪಲ್ಲವರು ಗಂಗರೊಡನೆ ಕೆಲವು ಬಾರಿ ನಂಟರಾಗಿ, ಕೆಲವು ಬಾರಿ ಶತ್ರುಗಳಾಗಿ ನಡೆದುಕೊಂಡರು. ಆ ಜಗಳದ ಒಂದು ಕ್ಷಣ ಕಲ್ಲಿನಲ್ಲಿ ಅದ್ಭುತವಾಗಿ ಉಳಿದಿದೆ. ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲಿನಲ್ಲಿ, ಗಂಗ ದೊರೆ ಎರೆಯಪ್ಪನ ಪರವಾಗಿ ನೊಳಂಬ ವೀರಮಹೇಂದ್ರನ ಸೈನ್ಯದ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಚಿತ್ರವಿದೆ. ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದಿರುವ, ನರಿ ಹದ್ದುಗಳು ಹೆಣಗಳಿಗೆ ಮುತ್ತಿರುವ ಆ ಕೆತ್ತನೆಯನ್ನು ನೋಡಿದರೆ ಹತ್ತನೇ ಶತಮಾನದ ಆಸುಪಾಸಿನ ಯುದ್ಧದ ಕ್ರೌರ್ಯ ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನ ಹೆಸರು ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಕೂಡ ಬೇಗೂರಿನ ಇನ್ನೊಂದು ವೀರಗಲ್ಲಿನಲ್ಲಿಯೇ. ಮಹಾನಗರದ ಮೊದಲ ದಾಖಲೆ ಒಂದು ಸಾವಿನ ದಾಖಲೆ.

ನೊಳಂಬರ ನಂತರ ನಿಡುಗಲ್ಲಿನ ಚೋಳರು ಈ ಭಾಗದಲ್ಲಿ ಪ್ರಬಲರಾಗಿ ಹೊಯ್ಸಳರಿಗೆ ತಲೆನೋವಾದರು. ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟ ಅಂದಿನಿಂದಲೇ ದುರ್ಗವಾಗಿ ಹೆಸರಾಗಿತ್ತು.

ಕುರಿ ತೋರಿಸಿದ ನೀರು

ವಿಜಯನಗರ 1565ರಲ್ಲಿ ಕುಸಿದ ಮೇಲೆ ಈ ಸೀಮೆಯ ಪ್ರತಿಯೊಂದು ದೊಡ್ಡ ಬಂಡೆಯ ಮೇಲೂ ಒಬ್ಬ ಪಾಳೆಯಗಾರ ಕುಳಿತನೆಂದರೆ ಅತಿಶಯೋಕ್ತಿಯಲ್ಲ. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ನಿಡುಗಲ್, ಪಾವಗಡ, ರತ್ನಗಿರಿ, ಹೀಗೆ ಒಂದು ದುರ್ಗದ ನೆತ್ತಿಯಿಂದ ಇನ್ನೊಂದು ದುರ್ಗ ಕಾಣುವಷ್ಟು ಹತ್ತಿರದಲ್ಲಿ ಕೋಟೆಗಳು ಎದ್ದವು.

ಇವುಗಳಲ್ಲಿ ಸುಮಾರು 3,930 ಅಡಿ ಎತ್ತರದ ಮಧುಗಿರಿ ಏಕಶಿಲಾ ಬೆಟ್ಟದ ಕೋಟೆಗೆ ಅಗ್ರಸ್ಥಾನ. ಮೊದಲು ಮದ್ದಗಿರಿ ಎಂದು ಕರೆಯಲಾಗುತ್ತಿದ್ದ ಈ ಬೆಟ್ಟದ ಕೋಟೆ ಹುಟ್ಟಿದ ಬಗೆಯನ್ನು ಮೈಸೂರು ಗೆಜೆಟಿಯರ್ ಒಂದು ಐತಿಹ್ಯದ ರೂಪದಲ್ಲಿ ದಾಖಲಿಸಿದೆ. ಸ್ಥಳೀಯ ಪ್ರಭು ರಾಜಾ ಹಿರೇಗೌಡನ ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಬೆಟ್ಟದಿಂದ ಇಳಿದು ಬಂದಿತಂತೆ. ಮೇಲೆ ನೀರಿನ ಸೆಲೆ ಇದೆಯೆಂದು ಅರಿತ ಗೌಡನು ಬೆಟ್ಟ ಹತ್ತಿ ನೋಡಿ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನಂತೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಅದು ಹೇಳುವ ಯುದ್ಧನೀತಿ ಮಾತ್ರ ನೂರಕ್ಕೆ ನೂರು ಸರಿ. ಕಲ್ಲನ್ನು ಎಲ್ಲಿ ಬೇಕಾದರೂ ಪೇರಿಸಬಹುದು. ದೊಣೆಯಲ್ಲಿ ನೀರು ನಿಲ್ಲದ ಬೆಟ್ಟ ಕೋಟೆಯಾಗುವುದಿಲ್ಲ.

ದುರ್ಗದ ಯುದ್ಧ ಹೇಗೆ ನಡೆಯುತ್ತಿತ್ತು ಎಂಬುದನ್ನು ಬೆಟ್ಟ ಹತ್ತಿದವರು ಸುಲಭವಾಗಿ ಊಹಿಸಬಹುದು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಹೆಸರಾದ ಬಾಗಿಲುಗಳನ್ನು ಒಂದಾದ ಮೇಲೊಂದರಂತೆ ದಾಟಬೇಕು. ದಾರಿ ನೇರವಾಗಿಲ್ಲ, ಹೆಜ್ಜೆಹೆಜ್ಜೆಗೂ ತಿರುವು. ಒಂದು ಬಾಗಿಲು ಮುರಿದು ಒಳನುಗ್ಗಿದ ಶತ್ರು ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಮೇಲಿನಿಂದ ಬಾಣ, ಕವಣೆ ಕಲ್ಲು, ನಂತರದ ಕಾಲದಲ್ಲಿ ಬತ್ತಿ ಕೋವಿಯ ಗುಂಡು. ಮೇಲಕ್ಕೆ ಹೋದಂತೆ ಬಂಡೆಯಲ್ಲಿ ಕಡಿದ ಕಿರಿದಾದ ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ಮಾತ್ರ ನಡೆಯಲು ಸಾಧ್ಯ. ಹತ್ತು ಮಂದಿ ಕಾವಲಿದ್ದರೆ ನೂರು ಮಂದಿಯನ್ನು ತಡೆಯಬಹುದಾಗಿತ್ತು. ಆದ್ದರಿಂದಲೇ ದುರ್ಗಗಳು ಲಗ್ಗೆಗಿಂತ ಹೆಚ್ಚಾಗಿ ಹಸಿವು, ಬಾಯಾರಿಕೆ ಮತ್ತು ಒಳಗಿನವರ ದ್ರೋಹಕ್ಕೆ ಬೀಳುತ್ತಿದ್ದವು.

ಆಯುಧಕ್ಕೆ ಬೇಕಾದ ಲೋಹವೂ ಈ ಸೀಮೆಯಲ್ಲಿಯೇ ಸಿಗುತ್ತಿತ್ತು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಳೆಗಾಲದ ಹಳ್ಳಗಳಲ್ಲಿ ಬೆಟ್ಟದಿಂದ ಕೊಚ್ಚಿ ಬರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುವ ಕಸುಬನ್ನು ವಿವರಿಸಿದ್ದಾನೆ. ನೇಗಿಲಿನ ಕುಳ ಮಾಡುವ ಕುಲುಮೆಯೇ ಭರ್ಜಿಯ ಮೊನೆಯನ್ನೂ ಮಾಡಿಕೊಡುತ್ತಿತ್ತು.

ಬಯಲಿನಲ್ಲಿ ಕೋಟೆ ಕಟ್ಟಿದವನ ಗತಿ ಬೇರೆಯೇ ಆಯಿತು. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕ ಶಿರಾದಲ್ಲಿ ಕೋಟೆ ಆರಂಭಿಸಿದ. ಅದು ಪೂರ್ಣಗೊಳ್ಳುವ ಮೊದಲೇ 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನ್ ಊರನ್ನು ವಶಪಡಿಸಿಕೊಂಡ. 1687ರಲ್ಲಿ ಮೊಘಲರು ಬಂದು ಶಿರಾವನ್ನು ತುಂಗಭದ್ರೆಯ ದಕ್ಷಿಣದ ತಮ್ಮ ಪ್ರಾಂತ್ಯಕ್ಕೆ ರಾಜಧಾನಿ ಮಾಡಿಕೊಂಡರು. ಅತ್ತ ಮಧುಗಿರಿಯನ್ನು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯ ಗೆದ್ದುಕೊಂಡಿತು.

ಬೇಡರ ಕಾಲಾಳು

ಬಿಜಾಪುರ, ಮೊಘಲ್, ಮರಾಠ, ಮೈಸೂರು, ಹೀಗೆ ಬಂದ ದೊಡ್ಡ ಶಕ್ತಿಗಳೆಲ್ಲವೂ ಕುದುರೆಯನ್ನು ನಂಬಿದ್ದವು. ಆದರೆ ಬಂಡೆಗಳ ಈ ನಾಡಿನಲ್ಲಿ ಕುದುರೆ ಒಂದು ಹಂತದಾಚೆ ಕೆಲಸಕ್ಕೆ ಬಾರದು. ಇಲ್ಲಿ ಬೇಕಾದದ್ದು ಗುಡ್ಡದ ಓಣಿಗಳನ್ನು ಬಲ್ಲ, ರಾತ್ರಿಯಲ್ಲಿ ನಡೆಯಬಲ್ಲ, ಗುರಿ ತಪ್ಪದ ಕಾಲಾಳು. ಬೇಟೆಯನ್ನೇ ಬದುಕಾಗಿಸಿಕೊಂಡಿದ್ದ ಬೇಡ ನಾಯಕರು ಬಿಲ್ಲಿನಿಂದ ಕೋವಿಗೆ ಬಹು ಬೇಗ ಹೊಂದಿಕೊಂಡರು. ಮೃಗಕ್ಕೆ ಹೊಂಚುಹಾಕಿ ಕಲಿತ ವಿದ್ಯೆ ಶತ್ರುವಿನ ಮೇಲೂ ನಡೆಯಿತು.

ಇದರ ರುಚಿಯನ್ನು ಮೊದಲು ಉಂಡವನು ಶಿರಾದ ಮೊಘಲ್ ಫೌಜದಾರ ಖಾಸಿಂಖಾನ್. ಬೆಂಗಳೂರನ್ನು ಮೈಸೂರಿಗೆ ಮೂರು ಲಕ್ಷಕ್ಕೆ ಬಿಟ್ಟುಕೊಟ್ಟವನೆಂದು ಹೆಸರಾದ ಸೇನಾನಿ ಇವನೇ. 1695ರಲ್ಲಿ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆಯನ್ನು ತಡೆಯಲು ಹೊರಟ ಮೊಘಲ್ ಪಡೆ ಇಂದಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯ ಸಣ್ಣ ಕೋಟೆಯಲ್ಲಿ ಸಿಕ್ಕಿಬಿದ್ದಿತು. ಚಿತ್ರದುರ್ಗದ ಬರಮಪ್ಪನಾಯಕನ ಬೇಡರ ಪಡೆ ಸಂತಾಜಿಯ ಪಕ್ಷ ಸೇರಿತ್ತು. ಒಳಗಿದ್ದ ಕಾಳು, ಮೇವು ಮುಗಿಯುತ್ತ ಬಂದಿತು. ಖಾಸಿಂಖಾನ್ ಆ ಕೋಟೆಯೊಳಗೇ ಸತ್ತ. ಉಳಿದವರು ಭಾರಿ ಹಣ ತೆತ್ತು ಜೀವ ಉಳಿಸಿಕೊಂಡರು. ಮೊಘಲ್ ಸಾಮ್ರಾಜ್ಯದ ಪ್ರಮುಖ ಸೇನಾನಿಯೊಬ್ಬ ನಮ್ಮ ನೆರೆಯ ಹಳ್ಳಿಯೊಂದರಲ್ಲಿ ಹಸಿವಿಗೆ ಸೋತದ್ದು ಶಾಲೆಯ ಪುಸ್ತಕಗಳಲ್ಲಿ ಅಷ್ಟಾಗಿ ಬಾರದಿರುವುದು ಆಶ್ಚರ್ಯವೇ ಸರಿ.

ಎಪ್ಪತ್ತೈದು ವರ್ಷಗಳ ನಂತರ, 1770ರಲ್ಲಿ, ಇದೇ ಕಾಲಾಳುಗಳು ಮತ್ತೊಮ್ಮೆ ಮರಾಠರ ಪಾಲಿಗೆ ಒದಗಿದರು. ದಾಬಸ್‌ಪೇಟೆಯ ಬಳಿಯ ನಿಜಗಲ್ ದುರ್ಗವನ್ನು ಪೇಶ್ವೆ ಮಾಧವರಾವ್ ತಿಂಗಳುಗಟ್ಟಲೆ ಮುತ್ತಿದರೂ ಅದು ಬಗ್ಗಲಿಲ್ಲ. ಕೊನೆಗೆ ಗೋಡೆ ಹತ್ತಿ ಅದನ್ನು ಹಿಡಿದವರು ಚಿತ್ರದುರ್ಗದ ಪಾಳೆಯಗಾರನ ಬೇಡರು. ತಡವಾದ ಸಿಟ್ಟಿಗೆ ಪೇಶ್ವೆ, ಸೆರೆಸಿಕ್ಕ ಕೋಟೆಯವರ ಮೂಗು ಮತ್ತು ಕಿವಿ ಕತ್ತರಿಸಲು ಆಜ್ಞೆ ಮಾಡಿದ. ಕಿಲ್ಲೇದಾರ ಸರದಾರ್‌ಖಾನನನ್ನು ಎದುರಿಗೆ ಕರೆಸಿ, ಈ ಶಿಕ್ಷೆ ನಿನಗೆ ತಕ್ಕುದಲ್ಲವೇ ಎಂದು ಕೇಳಿದನಂತೆ. ಅಂಗಹೀನತೆ ನನ್ನದಾಗುತ್ತದೆ, ಅಪಕೀರ್ತಿ ನಿಮ್ಮದಾಗುತ್ತದೆ ಎಂಬರ್ಥದ ಉತ್ತರವನ್ನು ಖಾನ್ ಕೊಟ್ಟ. ಪೇಶ್ವೆ ಅವನನ್ನು ಮುಟ್ಟದೆ ಬಿಟ್ಟುಕಳುಹಿಸಿದ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಒಡೆಯನಿಗೆ ಉತ್ತರ ಕೊಟ್ಟ ಕಿಲ್ಲೇದಾರ ಉಳಿದುಕೊಂಡ. ಉತ್ತರ ಕೊಡುವ ಅವಕಾಶವೇ ಇಲ್ಲದ ಸಾಮಾನ್ಯ ಸಿಪಾಯಿಗಳ ಮೂಗು ಉಳಿಯಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸೋಮವಾರದ ತಲೆಗಳು

ವಿಲ್ಕ್ಸ್ ದಾಖಲಿಸಿದ ಇನ್ನೊಂದು ಸಂಗತಿ ಇದಕ್ಕಿಂತ ಭೀಕರವಾದುದು. ಚಿತ್ರದುರ್ಗವನ್ನು ಹೈದರ್ ಅಲಿ ಮುತ್ತಿದ್ದ ದಿನಗಳಲ್ಲಿ, ಕೋಟೆಯೊಳಗಿನ ಬೇಡರು ಪ್ರತಿ ಸೋಮವಾರ ದೇವಿಗೆ ಪೂಜೆ ಸಲ್ಲಿಸಿ, ಕೊಂಬು ಊದಿ, ಶತ್ರು ಪಾಳೆಯದ ಮೇಲೆ ನುಗ್ಗುತ್ತಿದ್ದರು. ದಿನ ತಿಳಿದಿತ್ತು, ಹೊತ್ತು ತಿಳಿದಿತ್ತು, ಕೊಂಬಿನ ಸದ್ದೂ ಕೇಳುತ್ತಿತ್ತು. ಆದರೂ ಅವರು ಬರಿಗೈಯಲ್ಲಿ ಹಿಂತಿರುಗಿದ್ದಿಲ್ಲವಂತೆ. ತಂದ ತಲೆಗಳನ್ನು ದೇವಿಯ ಗುಡಿಯ ಮುಂದೆ ಸಣ್ಣ ಸಣ್ಣ ಗುಡ್ಡೆಗಳಾಗಿ ಸಾಲಾಗಿ ಇಡಲಾಗುತ್ತಿತ್ತು. ಕೋಟೆ ಬಿದ್ದ ಮೇಲೆ ಎಣಿಸಿದಾಗ ಅವು ಸುಮಾರು ಎರಡು ಸಾವಿರ ಇದ್ದವೆಂದು ಅವನು ಬರೆಯುತ್ತಾನೆ. ವಿಲ್ಕ್ಸ್ ಬ್ರಿಟಿಷ್ ಅಧಿಕಾರಿ. ಪಾಳೆಯಗಾರರನ್ನು 'ಅನಾಗರಿಕ'ರೆಂದು ತೋರಿಸುವುದು ಅಂದಿನ ಕಂಪನಿ ಸರ್ಕಾರಕ್ಕೆ ಅನುಕೂಲವೂ ಆಗಿತ್ತು. ಆದ್ದರಿಂದ ಲೆಕ್ಕವನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಶತ್ರುವಿನ ತಲೆಯನ್ನು ದೇವತೆಗೆ ಒಪ್ಪಿಸುವ ಆಚಾರ ಅವನ ಕಲ್ಪನೆಯಲ್ಲ. ತನ್ನ ತಲೆಯನ್ನೇ ಕೊಡುವ ಸಿಡಿತಲೆಯ ಹರಕೆಯೂ ಶತ್ರುವಿನ ತಲೆ ತರುವ ಹರಕೆಯೂ ಒಂದೇ ನಂಬಿಕೆಯ ಎರಡು ಮುಖಗಳು.

ಪ್ರಾಚೀನ ಕೆಲ್ಟರ ಬಗ್ಗೆಯೂ ಇಂಥದೇ ಮಾತು ಬಹುಕಾಲದಿಂದ ಇತ್ತು. ಗಾಲ್ ದೇಶದಲ್ಲಿ ಸಂಚರಿಸಿದ ಗ್ರೀಕ್ ವಿದ್ವಾಂಸ ಪೊಸಿಡೋನಿಯಸ್, ಮನೆಬಾಗಿಲುಗಳಲ್ಲಿ ನೇತುಹಾಕಿದ ಶತ್ರುಗಳ ತಲೆಗಳನ್ನು ಕಂಡು ಮೊದಲು ಹೇಸಿದರೂ ನಂತರ ಅದಕ್ಕೆ ಒಗ್ಗಿಹೋದನೆಂದು ಹೇಳಿಕೊಂಡಿದ್ದಾನೆ. ಗೆದ್ದವರು ಸೋತವರ ಮೇಲೆ ಹೊರಿಸಿದ ಆರೋಪವಿರಬಹುದೆಂಬ ಸಂಶಯ ಅಲ್ಲಿಯೂ ಇತ್ತು. ಆದರೆ ದಕ್ಷಿಣ ಫ್ರಾನ್ಸಿನ ಲೆ ಕೈಲಾರ್ ಎಂಬಲ್ಲಿ ದೊರೆತ ತಲೆಬುರುಡೆಗಳ ಚೂರುಗಳಲ್ಲಿ ಕೆಡದಂತೆ ಹಚ್ಚಿದ ಮರದ ರಾಳದ ಅಂಶವಿರುವುದನ್ನು 2018ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆ ತೋರಿಸಿತು. ಹಳೆಯ ಬರಹಗಾರನ ಮಾತು ಪೂರ್ತಿ ಸುಳ್ಳಾಗಿರಲಿಲ್ಲ.

ಹೈದರನ ಲೆಕ್ಕಾಚಾರ

1761ರಲ್ಲಿ ಶಿರಾ ಹೈದರನ ಕೈಸೇರಿತು. 'ಶಿರಾದ ನವಾಬ' ಎಂಬ ಬಿರುದು ಅವನಿಗೆ ದೊರೆತದ್ದೂ ಆಗಲೇ. ಮಧುಗಿರಿ ಕೋಟೆಯನ್ನು ಅವನು ವಿಸ್ತರಿಸಿ ಬಲಪಡಿಸಿದ. 1763ರಲ್ಲಿ ಬಿದನೂರನ್ನು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಇದೇ ಮಧುಗಿರಿಯಲ್ಲಿ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ರಾಣಿಗೆ ಬಿಡುಗಡೆಯಾಯಿತು. ಆದರೆ ಪುಣೆಗೆ ಒಯ್ಯುವ ದಾರಿಯಲ್ಲಿಯೇ ಆಕೆ ತೀರಿಕೊಂಡಳು. 1774ರಲ್ಲಿ ಟಿಪ್ಪು ಮಧುಗಿರಿಯನ್ನು ಮರಳಿ ಗೆದ್ದ. ಒಂದೇ ತಲೆಮಾರಿನಲ್ಲಿ ಕೋಟೆಯ ಮೇಲಿನ ಬಾವುಟ ಹೀಗೆ ಮತ್ತೆ ಮತ್ತೆ ಬದಲಾಯಿತು. ಕೆಳಗಿನ ಹಳ್ಳಿಗಳ ರೈತರು ಬಂದವರಿಗೆಲ್ಲ ಕಂದಾಯ ಕಟ್ಟಿದರು.

ಪಾಳೆಯಗಾರಿಕೆಯ ಯುದ್ಧಕ್ಕೆ ಕೊನೆ ಹಾಡಿದವನು ಹೈದರನೇ. ಹಾಗೆ ಮಾಡಲು ಅವನು ಕೋಟೆಗಳನ್ನು ಮಾತ್ರ ನಂಬಲಿಲ್ಲ, ಜನರನ್ನೇ ಕಿತ್ತು ಸಾಗಿಸಿದ. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಲಾಯಿತು. ಅವರ ಗಂಡುಮಕ್ಕಳನ್ನು ಆರಿಸಿ, ಕವಾಯತು ಕಲಿಸಿ, ಚೇಲಾ ಪಡೆ ಎಂಬ ಹೆಸರಿನ ತುಕಡಿಗಳನ್ನು ಕಟ್ಟಲಾಯಿತು. ಶಿರಾದಿಂದಲೂ 12,000 ಕುಟುಂಬಗಳನ್ನು ಒಯ್ದು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಪೇಟೆಯನ್ನು ತುಂಬಿಸಿದರೆಂದು ಗೆಜೆಟಿಯರ್ ಹೇಳುತ್ತದೆ.

ಇಲ್ಲಿಗೆ ಹಳೆಯ ಲೆಕ್ಕ ಬದಲಾಯಿತು. ಜೋಳದ ಋಣದ ಜಾಗಕ್ಕೆ ತಿಂಗಳ ಸಂಬಳ ಬಂದಿತು. ಕುಲದ ನಾಯಕನ ಜಾಗಕ್ಕೆ ಕವಾಯತಿನ ಜಮಾದಾರ ಬಂದ. ಸಂಬಳದ ಸಿಪಾಯಿ ಸತ್ತರೆ ಊರಿನವರು ಕಲ್ಲು ನಿಲ್ಲಿಸಬೇಕಾದ ಕಾರಣವಿರಲಿಲ್ಲ. ಅವನು ಸತ್ತದ್ದು ಎಲ್ಲಿ ಎಂಬುದು ಕೂಡ ಊರಿಗೆ ಗೊತ್ತಾಗುತ್ತಿರಲಿಲ್ಲ. 1799ರಲ್ಲಿ ಟಿಪ್ಪು ಮಡಿದು ಒಡೆಯರ ಆಳ್ವಿಕೆ ಮರಳಿದ ನಂತರ ಹಳೆಯ ಕಾಲಾಳುಗಳಲ್ಲಿ ಹಲವರು ಕಂದಾಚಾರದ ಸೇವಕರಾಗಿ ಕಾವಲು, ಕಂದಾಯ ವಸೂಲಿ, ಪೊಲೀಸ್ ಕೆಲಸಗಳಲ್ಲಿ ನೆಲೆ ಕಂಡುಕೊಂಡರು. ವೀರಗಲ್ಲು ನಿಲ್ಲಿಸುವ ಪದ್ಧತಿ ಅದಕ್ಕೂ ಮೊದಲೇ ಕ್ಷೀಣಿಸಿತ್ತು.

ಕಲ್ಲುಗಳ ಇಂದಿನ ಸ್ಥಿತಿ

ಬಿ. ಎಲ್. ರೈಸ್ ಸಂಪಾದಿಸಿ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅಕ್ಷರವಿರುವ ಕಲ್ಲುಗಳಿಗೆ ಇಂಥ ಸಂಪುಟಗಳಲ್ಲಿ ಒಂದು ಸಂಖ್ಯೆಯಾದರೂ ಸಿಕ್ಕಿತು. ಬರಹವಿಲ್ಲದೆ ಕೇವಲ ಚಿತ್ರವಿರುವ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಸತ್ತವನ ಹೆಸರು ಬರೆಸುವಷ್ಟು ಅನುಕೂಲವಿಲ್ಲದ ಮನೆಯವರು ನಿಲ್ಲಿಸಿದ ಕಲ್ಲುಗಳೇ ಅವುಗಳಲ್ಲಿ ಹೆಚ್ಚು ಎಂದು ಊಹಿಸಬಹುದು.

ಕೇಂದ್ರ ಅಥವಾ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಸ್ಮಾರಕಗಳಿಗೆ ಕಾನೂನಿನ ರಕ್ಷಣೆ ಇದೆ. 1961ರ ರಾಜ್ಯ ಕಾಯ್ದೆಯ ವ್ಯಾಪ್ತಿಯೂ ಅಷ್ಟೇ. ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ರಸ್ತೆ ಅಗಲವಾಗುವಾಗ ಅದು ಮೋರಿಯ ಹಾಸುಗಲ್ಲಾಗುತ್ತದೆ, ಕೆರೆಯಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಾಗುತ್ತದೆ, ನಿಧಿ ಇದೆಯೆಂಬ ಆಸೆಯಿಂದ ಅಗೆದವರ ಕೈಯಲ್ಲಿ ಎರಡು ತುಂಡಾಗುತ್ತದೆ. ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆ ಬಣ್ಣ ಬಳಿದರೆ ಇದ್ದ ನಾಲ್ಕು ಅಕ್ಷರಗಳೂ ಮುಚ್ಚಿಹೋಗುತ್ತವೆ. ಮಧುಗಿರಿ ಬೆಟ್ಟ ಹತ್ತಲು ದೂರದೂರದಿಂದ ಚಾರಣಿಗರು ಬರುತ್ತಾರೆ. ದಾರಿಯ ಹಳ್ಳಿಗಳಲ್ಲಿ ನಿಂತ ಈ ಕಲ್ಲುಗಳ ಮುಂದೆ ಕಾರು ನಿಲ್ಲಿಸುವವರು ವಿರಳ.

ಅವು ಉಳಿದಿರುವ ಕಡೆಗಳಲ್ಲಿ ಉಳಿಸಿದವರು ಊರಿನವರೇ. ಎಷ್ಟೋ ಹಳ್ಳಿಗಳಲ್ಲಿ ಈ ಕಲ್ಲುಗಳಿಗೆ ವೀರಗಾರ, ಈರಗಾರ ಎಂಬ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಹಬ್ಬದ ದಿನ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಾರೆ. ದನಗಳಿಗೆ ರೋಗ ಬಂದಾಗ ಹರಕೆ ಹೊರುವುದೂ ಉಂಟು. ಕಲ್ಲಿನಲ್ಲಿರುವ ಮನುಷ್ಯನ ಹೆಸರು ಯಾರಿಗೂ ತಿಳಿಯದು. ಅವನ ಕಾಲ ಬಳಿ ಕೆತ್ತಿರುವ ಹಸುಗಳನ್ನು ಮಾತ್ರ ಎಲ್ಲರೂ ಗುರುತಿಸುತ್ತಾರೆ.